ಗುಹೆಯ ನೆರಳು, ಹೊರಗಿನ ಸೂರ್ಯ



ಅಜ್ಞಾನವನ್ನು ಕತ್ತಲೆಗೂ ಅರಿವನ್ನು ಬೆಳಕಿಗೂ ಹೋಲಿಸುವುದು ನಮಗೆ ಹೊಸತಲ್ಲ. ಕ್ರಿ.ಪೂ. 4ನೆಯ ಶತಮಾನದಲ್ಲಿ ಅಥೆನ್ಸಿನ ತತ್ತ್ವಜ್ಞಾನಿ ಪ್ಲೇಟೋ ಈ ಹೋಲಿಕೆಯನ್ನೇ ಒಂದು ಕಥೆಯಾಗಿ ಬೆಳೆಸಿದನು. ಅವನ ‘ರಿಪಬ್ಲಿಕ್’ ಗ್ರಂಥದ 7ನೆಯ ಭಾಗದಲ್ಲಿ ಸಾಕ್ರಟೀಸನು ಗ್ಲಾಕನ್ ಎಂಬವನಿಗೆ ಹೇಳುವ ಈ ಕಥೆಯನ್ನು ಈ ಸಲ ಒಟ್ಟಿಗೆ ಅಭ್ಯಾಸ ಮಾಡೋಣ.

ಕಥೆ

ನೆಲದಡಿಯ ಒಂದು ಗುಹೆ. ಅದರಲ್ಲಿ ಬಾಲ್ಯದಿಂದಲೂ ಸೆರೆಯಲ್ಲಿರುವ ಜನ. ಕಾಲಿಗೂ ಕತ್ತಿಗೂ ಸಂಕೋಲೆ ಇರುವುದರಿಂದ ಅವರು ಎದುರಿನ ಗೋಡೆಯನ್ನಷ್ಟೇ ನೋಡಬಲ್ಲರು. ಅವರ ಬೆನ್ನ ಹಿಂದೆ, ಎತ್ತರದಲ್ಲಿ, ಬೆಂಕಿ ಉರಿಯುತ್ತಿದೆ. ಬೆಂಕಿಗೂ ಅವರಿಗೂ ನಡುವೆ ಒಂದು ದಾರಿ, ಅದರ ಅಂಚಿಗೆ ಗಿಡ್ಡ ಗೋಡೆ. ಆ ಗೋಡೆಯ ಮರೆಯಲ್ಲಿ ಕೆಲವರು ಮನುಷ್ಯರ, ಪ್ರಾಣಿಗಳ ಬೊಂಬೆಗಳನ್ನು ಎತ್ತಿಹಿಡಿದು ಸಾಗುತ್ತಾರೆ. ಸೆರೆಯಾಳುಗಳಿಗೆ ಕಾಣುವುದು ಬೊಂಬೆಗಳ ನೆರಳು ಮಾತ್ರ. ಆ ನೆರಳನ್ನೇ ಅವರು ನಿಜವೆಂದು ನಂಬುತ್ತಾರೆ. ಮುಂದೆ ಯಾವ ನೆರಳು ಬರುವುದೆಂದು ಚೆನ್ನಾಗಿ ಊಹಿಸಿದವನಿಗೆ ಅವರಲ್ಲಿ ಸನ್ಮಾನವೂ ಉಂಟು!

ಒಬ್ಬನ ಸಂಕೋಲೆ ಬಿಚ್ಚಲಾಗುತ್ತದೆ. ಬೆಂಕಿಯ ಕಡೆ ತಿರುಗಿದಾಗ ಅವನ ಕಣ್ಣು ಉರಿಯುತ್ತದೆ. ಕಡಿದಾದ ದಾರಿಯಲ್ಲಿ ಅವನನ್ನು ಎಳೆದೇ ಹೊರಗೆ ತರಬೇಕಾಗುತ್ತದೆ. ಹೊರಗೆ ಬಂದವನು ಮೊದಲು ನೆರಳುಗಳನ್ನು, ಬಳಿಕ ನೀರಿನಲ್ಲಿ ಮೂಡಿದ ಬಿಂಬಗಳನ್ನು, ಆಮೇಲೆ ವಸ್ತುಗಳನ್ನು, ರಾತ್ರಿಯ ಚಂದ್ರ ನಕ್ಷತ್ರಗಳನ್ನು, ಕೊನೆಗೆ ಸೂರ್ಯನನ್ನು ನೋಡಬಲ್ಲವನಾಗುತ್ತಾನೆ.

ಅರ್ಥ

ಗುಹೆಯೆಂದರೆ ಕಣ್ಣಿಗೆ ಕಾಣುವುದಷ್ಟನ್ನೇ ನಿಜವೆಂದು ನಂಬಿದ ಬದುಕು. ಸೂರ್ಯನೆಂದರೆ ಎಲ್ಲ ಸತ್ಯಕ್ಕೂ ಮೂಲವಾದ ‘ಒಳಿತು’. ಇಲ್ಲಿ ಪ್ಲೇಟೋ ವಿದ್ಯೆಯ ಬಗ್ಗೆ ಮುಖ್ಯವಾದ ಒಂದು ಮಾತನ್ನು ಹೇಳುತ್ತಾನೆ. ವಿದ್ಯೆಯೆಂದರೆ ಕುರುಡು ಕಣ್ಣಿಗೆ ದೃಷ್ಟಿಯನ್ನು ತುಂಬುವುದಲ್ಲ. ನೋಡುವ ಶಕ್ತಿ ಎಲ್ಲರಲ್ಲೂ ಇದೆ, ಆದರೆ ಅದು ತಿರುಗಿರುವ ದಿಕ್ಕು ಸರಿಯಿಲ್ಲ. ಕತ್ತನ್ನಷ್ಟೇ ತಿರುಗಿಸಿದರೆ ಸಾಲದು, ಇಡೀ ಆತ್ಮವೇ ಬೆಳಕಿನೆಡೆಗೆ ತಿರುಗಬೇಕು.

ಮರಳಿ ಇಳಿದವನು

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಬೆಳಕು ಕಂಡವನು ಮತ್ತೆ ಗುಹೆಗೆ ಇಳಿದರೆ, ಕತ್ತಲೆಗೆ ಹೊಂದಿಕೊಳ್ಳುವ ತನಕ ಅವನಿಗೆ ಏನೂ ಕಾಣದು. ‘ಮೇಲೆ ಹೋಗಿ ಕಣ್ಣು ಕೆಡಿಸಿಕೊಂಡು ಬಂದ’ ಎಂದು ಉಳಿದವರು ನಗುತ್ತಾರೆ. ತಮ್ಮನ್ನು ಬಿಡಿಸಲು ಬಂದರೆ ಅವನನ್ನು ಕೊಲ್ಲಲೂ ಹೇಸರು. ಇದು ಬರೀ ಕಲ್ಪನೆಯಲ್ಲ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆ ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿತು, ಅವನು ವಿಷ ಕುಡಿದು ಸತ್ತನು. ಆಗ ಅವನ ಶಿಷ್ಯ ಪ್ಲೇಟೋಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಹಾಗಿದ್ದರೆ ಬೆಳಕು ಕಂಡವನು ಮೇಲೆಯೇ ಉಳಿಯಬಾರದೇ? ಬಾರದು ಎನ್ನುತ್ತಾನೆ ಪ್ಲೇಟೋ. ನಗರವು ಅವನನ್ನು ಸಾಕಿ ಕಲಿಸಿದ್ದು ಅವನೊಬ್ಬನ ಸುಖಕ್ಕಲ್ಲ, ಎಲ್ಲರ ಹಿತಕ್ಕೆ. ಆದ್ದರಿಂದ ಅವನು ಇಳಿಯಲೇಬೇಕು.

ಸಂತ ಅಗಸ್ಟೀನರು 387ರಲ್ಲಿ ಸ್ನಾನದೀಕ್ಷೆ ಪಡೆಯುವ ಮೊದಲು ಪ್ಲೇಟೋ ಪಂಥದವರ ಗ್ರಂಥಗಳನ್ನು ಓದಿದ್ದರು. ಬೆಳಕಿನ ವಿಷಯ ಅಲ್ಲಿ ಸಿಕ್ಕಿತು, ಆದರೆ ದೇವರ ದಿವ್ಯವಾಣಿ ಮನುಷ್ಯನಾಗಿ ನಮ್ಮ ನಡುವೆ ಇಳಿದು ಬಂದದ್ದು ಅಲ್ಲಿ ಸಿಗಲಿಲ್ಲ ಎಂದು ತಮ್ಮ ‘ಕನ್ಫೆಷನ್ಸ್’ ಗ್ರಂಥದಲ್ಲಿ ಬರೆದಿದ್ದಾರೆ.

ನಮ್ಮ ಚಿಂತನೆಗೆ

ಕಣ್ಣು ಮಂಜಾಗುವುದು ಎರಡು ಕಾರಣದಿಂದ ಎಂದು ಪ್ಲೇಟೋ ಎಚ್ಚರಿಸುತ್ತಾನೆ: ಕತ್ತಲೆಯಿಂದ ಬೆಳಕಿಗೆ ಬಂದಾಗ, ಬೆಳಕಿನಿಂದ ಕತ್ತಲೆಗೆ ಹೋದಾಗ. ತಡವರಿಸುವವನನ್ನು ಕಂಡು ನಗುವ ಮೊದಲು ಅವನು ಎಲ್ಲಿಂದ ಬಂದನೆಂದು ವಿಚಾರಿಸಬೇಕು.

1. ಎಲ್ಲರೂ ಒಪ್ಪಿದ್ದಾರೆಂಬ ಒಂದೇ ಕಾರಣಕ್ಕೆ ನಾವು ನಿಜವೆಂದು ನಂಬಿರುವ ನೆರಳು ಯಾವುದು?

2. ತಡವರಿಸಿದ ಯಾರನ್ನು ಕಂಡು ನಾವು ನಕ್ಕಿದ್ದೇವೆ?

3. ನಾವು ಕಲಿತದ್ದನ್ನು ಹಂಚಲು ಯಾರ ಬಳಿಗೆ ಇಳಿದು ಹೋಗಬೇಕಾಗಿದೆ?