ಹೋಲ್‌ಸ್ಟರ್ ಕೊಳ್ಳುವ ಮುನ್ನ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಪಿಸ್ತೂಲ್ ಶೂಟಿಂಗ್ ಕಲಿಯಲು ಬರುವ ಮಕ್ಕಳು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ: "ಸಾರ್, ಯಾವ ಹೋಲ್‌ಸ್ಟರ್ ತಗೊಳ್ಳಲಿ?" ಅವರಿಗೆ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಸ್ಪರ್ಧೆ ಯಾವುದೆಂದು ತಿಳಿದುಕೊಳ್ಳಿ. ಒಲಿಂಪಿಕ್ಸ್ ಮಾದರಿಯ ಪಿಸ್ತೂಲ್ ಸ್ಪರ್ಧೆಗಳಲ್ಲಿ ಹೋಲ್‌ಸ್ಟರ್‌ಗೆ ಕೆಲಸವೇ ಇಲ್ಲ. 10 ಮೀಟರ್ ಏರ್ ಪಿಸ್ತೂಲಿನಲ್ಲಿ 60 ಗುಂಡಿಗೆ 75 ನಿಮಿಷ. ಆಯುಧ ಮುಂದಿನ ಬೆಂಚಿನ ಮೇಲೇ ಇರುತ್ತದೆ. ಎಂಟು, ಆರು, ನಾಲ್ಕು ಸೆಕೆಂಡಿನಲ್ಲಿ ಐದೈದು ಗುಂಡು ಹಾರಿಸುವ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲೂ ಪಿಸ್ತೂಲು ಕೈಯಲ್ಲೇ ಇದ್ದು, ತೋಳು 45 ಡಿಗ್ರಿ ಕೆಳಗಿರುತ್ತದೆ, ಅಷ್ಟೆ. ನಮ್ಮ ಮಕ್ಕಳು ಹೋಗುವುದು ಬಹುಪಾಲು ಈ ದಾರಿಯಲ್ಲೇ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದ ಬೆಂಗಳೂರಿನ ಪ್ರಕಾಶ್ ನಂಜಪ್ಪ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸರಬ್ಜೋತ್ ಸಿಂಗ್ ಜೊತೆ ಏರ್ ಪಿಸ್ತೂಲ್ ಮಿಶ್ರ ತಂಡದ ಬೆಳ್ಳಿ ಗೆದ್ದ ಟಿ.ಎಸ್. ದಿವ್ಯಾ, ಇಬ್ಬರ ಸ್ಪರ್ಧೆಗೂ ಹೋಲ್‌ಸ್ಟರ್ ಬೇಕಿರಲಿಲ್ಲ.

2. ಹೋಲ್‌ಸ್ಟರ್ ನಿಜವಾಗಿ ಬೇಕಾಗುವುದು ಪ್ರಾಕ್ಟಿಕಲ್ ಶೂಟಿಂಗಿಗೆ. ಅದರ ಅಂತರರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಮಿಸೌರಿಯ ಕೊಲಂಬಿಯಾದಲ್ಲಿ. ಹೊರರಾಜ್ಯದಲ್ಲೋ ಹೊರದೇಶದಲ್ಲೋ ಇದ್ದು ಆ ಆಟಕ್ಕೆ ಇಳಿಯುವವರು ಮೊದಲು ನೋಡಬೇಕಾದದ್ದು ಟ್ರಿಗರ್. ಅದು ಪೂರ್ತಿ ಮುಚ್ಚಿಹೋಗಬೇಕು. ಆಮೇಲೆ ಹೋಲ್‌ಸ್ಟರಿನ ಬಾಯಿ: ಪಿಸ್ತೂಲು ಹೊರಬಂದ ಮೇಲೂ ಅದು ತೆರೆದೇ ನಿಲ್ಲಬೇಕು. ಮೆತ್ತಗಿನ ಚರ್ಮ ಕುಸಿದು ಟ್ರಿಗರಿಗೆ ಸಿಕ್ಕಿಕೊಂಡರೆ ಗುಂಡು ಹಾರುವುದು ನಿಮ್ಮದೇ ತೊಡೆಗೆ. ನಿಮ್ಮ ಮಾಡೆಲಿಗೆಂದೇ ಅಚ್ಚು ಮಾಡಿದ ಗಟ್ಟಿ ಹೋಲ್‌ಸ್ಟರನ್ನೇ ಕೊಳ್ಳಿ. ಸಡಿಲ ಬೆಲ್ಟಿಗೆ ಎಷ್ಟು ಒಳ್ಳೆಯ ಹೋಲ್‌ಸ್ಟರ್ ಹಾಕಿದರೂ ದಂಡ. ಹಿಡಿಯ ಬುಡ ಬೆಲ್ಟಿನ ಮೇಲಂಚಿಗಿಂತ ಕೆಳಗೆ ಇಳಿಯಬಾರದು, ನೆಟ್ಟಗೆ ನಿಂತಾಗ ನಳಿಕೆಯ ಬಾಯಿ ಪಾದದಿಂದ ಒಂದು ಮೀಟರಿಗಿಂತ ಆಚೆಗೆ ಗುರಿಯಾಗಬಾರದು ಎನ್ನುತ್ತದೆ ನಿಯಮ. ಖಾಲಿ ಪಿಸ್ತೂಲಿನಲ್ಲಿ ನಿಧಾನವಾಗಿ ತೆಗೆದು ಇಟ್ಟು ಕೈ ಪಳಗುವ ತನಕ ವೇಗದ ಮಾತೇ ಬೇಡ.

3. ಉಳಿದವರು ಹೋಲ್‌ಸ್ಟರಿಗೆಂದು ಎತ್ತಿಟ್ಟ ದುಡ್ಡನ್ನು ಹಿಡಿಗೆ ಹಾಕಿ. ನನ್ನ ಮಟ್ಟಿಗೆ ಇದೇ ಮುಖ್ಯ ಮಾತು. ಪಿಸ್ತೂಲಿನ ಹೆಸರು ಮೋರಿನಿಯೋ ಸ್ಟೈರೋ ಎಂದು ವಾದಿಸುವವರು, ತಮ್ಮ ಅಂಗೈ ಸ್ಮಾಲೋ ಮೀಡಿಯಮ್ಮೋ ಎಂದು ಅಳೆದೇ ಇರುವುದಿಲ್ಲ. ಪರೀಕ್ಷೆ ಸುಲಭ. ಹಿಡಿ ಹಿಡಿದು, ಕಣ್ಣು ಮುಚ್ಚಿ, ತೋಳು ಎತ್ತಿ. ಆಮೇಲೆ ಕಣ್ಣು ಬಿಡಿ. ಫ್ರಂಟ್ ಸೈಟ್ ತಾನಾಗಿ ರಿಯರ್ ಸೈಟಿನ ನಡುವೆ ಬಂದು ಕೂತಿರಬೇಕು. ಮಣಿಕಟ್ಟು ತಿರುಗಿಸಿ ಅದನ್ನು ನಡುವಿಗೆ ತರುತ್ತಿದ್ದೀರಿ ಎಂದರೆ ಹಿಡಿ ನಿಮ್ಮದಲ್ಲ. ಟ್ರಿಗರಿನ ಬೆರಳು ಹಿಡಿಯ ಪಕ್ಕಕ್ಕೆ ತಾಗದೆ ಬಿಡುವಾಗಿರಲಿ. ತಾಗಿದರೆ ಪ್ರತಿ ಎಳೆತಕ್ಕೂ ನಳಿಕೆ ಕೂದಲೆಳೆಯಷ್ಟು ಸರಿಯುತ್ತದೆ. ಏರ್ ಪಿಸ್ತೂಲಿನ ಹತ್ತರ ವೃತ್ತದ ಅಡ್ಡಳತೆಯೇ 11.5 ಮಿಲಿಮೀಟರ್, ಅಲ್ಲಿ ಕೂದಲೆಳೆಗೂ ಲೆಕ್ಕವಿದೆ.

4. ಹಿಡಿ ಕೆತ್ತಿಸಲು ಜರ್ಮನಿಗೇ ಹೋಗಬೇಕಿಲ್ಲ. ಕೈಗೆ ದೊಡ್ಡದಾದ ಕಡೆ ಅರದಲ್ಲಿ ತಿಕ್ಕಿ, ಟೊಳ್ಳಾದ ಕಡೆ ಮರದ ಪುಟ್ಟಿ ತುಂಬಿ, ಎಮರಿ ಪೇಪರ್ ಹಾಕಿದರೆ ಊರಿನ ಆಚಾರ್ರೇ ಚೆನ್ನಾಗಿ ಮಾಡಿಕೊಡುತ್ತಾರೆ. ಆದರೆ ಅವರ ಪಕ್ಕ ಕೂತು ನಿಯಮ ಹೇಳುವುದು ನಿಮ್ಮ ಕೆಲಸ. ಏರ್ ಪಿಸ್ತೂಲಿನ ಹಿಡಿ ಕೈಯನ್ನು ಸುತ್ತುವರಿಯಬಾರದು, ಮಣಿಕಟ್ಟಿಗೆ ಆಸರೆ ಕೊಡಬಾರದು, ಅಂಗೈ ಅಡಿಯ ಪಟ್ಟಿ ಮೇಲಕ್ಕೆ ಬಾಗಬಾರದು. 50 ಮೀಟರ್ ಪಿಸ್ತೂಲಿನ ಫೋಟೋ ತೋರಿಸಿ "ಹಿಂಗೇ ಮಾಡಿ" ಎನ್ನಬೇಡಿ. ಅಲ್ಲಿ ಹಿಡಿ ಕೈಯನ್ನು ಸುತ್ತಿಕೊಳ್ಳಬಹುದು, ಇಲ್ಲಿ ಹಾಗಿದ್ದರೆ ಪರಿಶೀಲನೆಯಲ್ಲೇ ಪಿಸ್ತೂಲು ತಿರುಗಿ ಬರುತ್ತದೆ. ಹಿಡಿಯೂ ಸೇರಿ ಇಡೀ ಪಿಸ್ತೂಲು 420, 200, 50 ಮಿಲಿಮೀಟರಿನ ಪೆಟ್ಟಿಗೆಯೊಳಗೆ ಕೂರಬೇಕು, ತೂಕ ಒಂದೂವರೆ ಕಿಲೋ ಮೀರಬಾರದು.

5. ಕೈ ಬದಲಾಗುತ್ತದೆ. ತರೀಕೆರೆ ಕಡೆಯ ಹುಡುಗಿ ಅಡಿಕೆ ಸುಲಿಯುವ ಕಾಲದಲ್ಲಿ ಮನೆಯವರ ಜೊತೆ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು ಬಂದರೆ, ಬೆಳಿಗ್ಗೆ ಅವಳ ಬೆರಳು ಬೇರೆಯೇ ಆಗಿರುತ್ತದೆ. ಆ ದಿನ ಹಿಡಿಗೆ ಅರ ಮುಟ್ಟಿಸಬೇಡಿ, ಕೈ ತಣ್ಣಗಾಗಲಿ. ಬೆಳೆಯುವ ಮಕ್ಕಳಿಗೆ ದುಬಾರಿ ಹಿಡಿ ಕೊಳ್ಳುವುದನ್ನಂತೂ ಮುಂದೂಡಿ. ಪುಟ್ಟಿ ಅಗ್ಗ, ಮತ್ತೆ ತುಂಬಬಹುದು.

6. ಆಯುಧ ಸೊಂಟಕ್ಕಲ್ಲ, ಪೆಟ್ಟಿಗೆಗೆ. ಅಜ್ಜಂಪುರದಲ್ಲೋ ಕಡೂರಿನಲ್ಲೋ ರೈಲು ಹತ್ತುವಾಗ ಪಿಸ್ತೂಲು ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ, ಕೊಂಡ ರಸೀದಿ ಮತ್ತು ಸ್ಪರ್ಧೆಯ ಪ್ರವೇಶಪತ್ರ ಜೊತೆಗಿರಲಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಮೀರದ, 20 ಜೂಲ್ ಒಳಗಿನ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಆದರೆ ಪ್ಲಾಟ್‌ಫಾರಮ್ಮಿನಲ್ಲಿ ನೋಡುವವರಿಗೆ ಅದು ಪಿಸ್ತೂಲೇ. ವಿಮಾನವಾದರೆ ಸಿಲಿಂಡರಿನ ಗಾಳಿ ಪೂರ್ತಿ ಖಾಲಿ ಮಾಡಿ, ಪಿಸ್ತೂಲಿನ ವಿಷಯ ವಿಮಾನ ಕಂಪನಿಗೆ ಮೊದಲೇ ತಿಳಿಸಿ.

7. ರೇಂಜಿನಲ್ಲಿ ಪೆಟ್ಟಿಗೆ ತೆರೆಯುವುದು ನಿಮ್ಮ ಫೈರಿಂಗ್ ಪಾಯಿಂಟಿಗೆ ಹೋದ ಮೇಲೆ, ನಳಿಕೆ ಟಾರ್ಗೆಟ್ಟಿನ ಕಡೆಗಿಟ್ಟು. ಸೇಫ್ಟಿ ಫ್ಲಾಗ್ ಮೊದಲೇ ಒಳಗಿರಲಿ. ಕೋಚ್ ಹೇಳುವ ತನಕ ಅದನ್ನು ಎಳೆಯಬೇಡಿ.