ಉಳಿಯುವವಳ ಊರು

ನಿವೃತ್ತಿಯಾದ ಮೇಲೆ ಎಲ್ಲಿರೋಣ ಅಂತ ಗಂಡಸರು ಯೋಚಿಸುವಾಗ ಅವರ ಕಣ್ಣೆದುರಿಗೆ ಬರುವುದು ಅರವತ್ತೆರಡರ ತಾವೇ. ಬೆಳಿಗ್ಗೆ ಎದ್ದು ತೋಟ ಸುತ್ತುತ್ತಾರೆ, ಕಾರು ಓಡಿಸುತ್ತಾರೆ, ನೆಂಟರು ಬಂದರೆ ಎಳನೀರು ಕೆಡವಿಸಿ ಕೊಡುತ್ತಾರೆ. ಎಂಬತ್ತರ ಹೆಂಡತಿ ಆ ಚಿತ್ರದಲ್ಲಿ ಇರುವುದೇ ಇಲ್ಲ. ಇದ್ದರೂ ಕಾಫಿ ಲೋಟ ಹಿಡಿದುಕೊಂಡು ಹಿಂದೆಲ್ಲೋ ನಿಂತಿರುತ್ತಾಳೆ.

ನೀನು ಫೋನಿನಲ್ಲಿ, "ಅತ್ತೆ, ನಿಮ್ಮ ನೆಗಮಂ ಹತ್ತಿರ ಎರಡು ಎಕರೆ ತೆಂಗಿನ ತೋಟ ನೋಡಿದ್ದೀನಿ, ಮುಂದೆ ಅಲ್ಲೇ ಬಂದುಬಿಡ್ತೀವಿ" ಅಂದಾಗ ನಾನು ಕೇಳಿದ್ದು ಒಂದೇ ಮಾತು, ನಿನ್ನ ಹೆಂಡತಿ ಏನಂತಾಳೆ ಅಂತ. "ಅವಳಿಗೂ ಇಷ್ಟ ಅತ್ತೆ" ಅಂದೆ. ಅವಳು ಆ ತೋಟ ನೋಡಿದ್ದಾಳೆಯೇ ಅಂದರೆ ಫೋಟೋ ತೋರಿಸಿದೆ ಅಂದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡ.

ಊರು ಆರಿಸಬೇಕಾದ್ದು ಇಬ್ಬರಲ್ಲಿ ಕೊನೆಗೆ ಒಬ್ಬರೇ ಉಳಿಯುತ್ತಾರಲ್ಲ, ಅವರಿಗಾಗಿ. ಅದು ಬಹುಮಟ್ಟಿಗೆ ಹೆಂಡತಿಯೇ. ನಮ್ಮಲ್ಲಿ ಮದುವೆಯಾಗುವಾಗಲೇ ಹುಡುಗಿ ನಾಲ್ಕೈದು ವರ್ಷ ಚಿಕ್ಕವಳು, ಅದರ ಮೇಲೆ ಹೆಂಗಸರ ಆಯಸ್ಸು ಗಂಡಸರಿಗಿಂತ ಸ್ವಲ್ಪ ಉದ್ದ. 2011ರ ಜನಗಣತಿಯಲ್ಲಿ ದೇಶದಲ್ಲಿದ್ದ ವಿಧವೆಯರು 4 ಕೋಟಿಗೂ ಹೆಚ್ಚು, ಹೆಂಡತಿಯನ್ನು ಕಳೆದುಕೊಂಡ ಗಂಡಸರು ಅದರ ಮೂರನೇ ಒಂದು ಪಾಲೂ ಇರಲಿಲ್ಲ. ಇಷ್ಟು ಗೊತ್ತಿದ್ದೂ ಮನೆ ಕೊಳ್ಳುವಾಗ ಈ ಲೆಕ್ಕವನ್ನು ಯಾರೂ ಬಾಯಿಗೆ ತರುವುದಿಲ್ಲ. ಅಪಶಕುನ ಅನ್ನುತ್ತಾರೆ.

ನಾನು ಕೊಳ್ಳೇಗಾಲದ ಮಗಳು ಅನ್ನುವುದು ನಿನಗೆ ಗೊತ್ತು. 1956ರ ನವೆಂಬರ್ ಒಂದರವರೆಗೆ ಕೊಳ್ಳೇಗಾಲ ನೆಗಮಂ ಇರುವ ಈ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು, ಹಾಗಾಗಿ ನೇಯುವ ನಮ್ಮ ದೇವಾಂಗರ ಮನೆಗಳಿಗೆ ಈ ಕಡೆಯ ಸಂಬಂಧ ಹೊಸದೇನಲ್ಲ. ರೇಷ್ಮೆ ಮಗ್ಗದ ಮನೆಯಿಂದ ಹತ್ತಿ ಮಗ್ಗದ ಮನೆಗೆ ಬಂದೆ, ಅಷ್ಟೇ. ನಮ್ಮವರು, ನಿನ್ನ ಮಾವ, ಕೆಲಸದ ವರ್ಷಗಳನ್ನೆಲ್ಲ ಬೆಂಗಳೂರಿನ ಅಂಚೆ ಇಲಾಖೆಯಲ್ಲಿ ಕಳೆದು, ನಿವೃತ್ತಿಯಾದ ತಿಂಗಳೇ ಹುಟ್ಟೂರಾದ ಈ ನೆಗಮಂಗೆ ಹೊರಟರು. ಅವರು ಹುಡುಕಿಕೊಂಡು ಹೊರಟಿದ್ದು ತಮ್ಮ ಬಾಲ್ಯವನ್ನು. ನನ್ನ ಬಾಲ್ಯ ಇಲ್ಲಿರಲಿಲ್ಲ. ಅವರು ಹೋದ ಮೇಲೂ ನಾನು ಇಲ್ಲೇ ಇದ್ದೇನೆ, ಮಗಳು ಎಷ್ಟು ಕರೆದರೂ ಹೋಗಿಲ್ಲ. ಅದು ಹೇಗೆ ಸಾಧ್ಯವಾಯಿತು ಅನ್ನುವುದನ್ನು ನೀನು ತಿಳಿದುಕೊಳ್ಳಬೇಕು, ಯಾಕೆಂದರೆ ಆ ಕಾರಣಗಳಲ್ಲಿ ಒಂದೂ ನೀನು ಫೋಟೋದಲ್ಲಿ ನೋಡಿದ ತೋಟಕ್ಕೆ ಸೇರಿದ್ದಲ್ಲ.

ನಾನಿರುವುದು ಬೀದಿಯಲ್ಲಿ, ತೋಟದಲ್ಲಲ್ಲ. ಗೋಡೆಗೆ ಗೋಡೆ ಅಂಟಿದ ಮನೆಗಳು. ನೆಗಮಂ ಕಾಟನ್ ಸೀರೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು ಅಂತ ಪತ್ರಿಕೆಯಲ್ಲಿ ಓದಿರುತ್ತೀಯ. ಆ ಸೀರೆ ಹುಟ್ಟುವುದು ಇಂಥ ಮನೆಗಳ ಗುಂಡಿ ಮಗ್ಗದಲ್ಲಿ. ಮಗ್ಗ ಇರುವ ಬೀದಿಯಲ್ಲಿ ಗಂಡಸರೂ ಹೆಂಗಸರೂ ಹಗಲೆಲ್ಲ ಮನೆಯಲ್ಲೇ ಇರುತ್ತಾರೆ, ಅದು ನನಗೆ ದೊಡ್ಡ ಆಸರೆ. ಎಂಟು ಗಂಟೆಗೆ ನನ್ನ ಬಾಗಿಲು ತೆರೆಯದಿದ್ದರೆ ಎದುರುಮನೆಯವಳು ಬಂದು ತಟ್ಟುತ್ತಾಳೆ. ಬೆಂಗಳೂರಿನ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಎಷ್ಟು ಗಂಟೆಗೆ ತಟ್ಟುತ್ತಾರೆ?

ಮಾತಿನ ವಿಷಯಕ್ಕೆ ಬಂದರೆ, ಈ ಸೀಮೆಯ ದೇವಾಂಗರಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ, ತೆಲುಗಿನವರೂ ಇದ್ದಾರೆ. ಮನೆಯೊಳಗಿನ ಕನ್ನಡ ಅರ್ಧ ತಮಿಳು ಬೆರೆತದ್ದು, ಅಕ್ಷರ ಮಾತ್ರ ಪೂರ್ತಿ ತಮಿಳು. ಮೊದಮೊದಲು ನನ್ನ ಕನ್ನಡ ಕೇಳಿ ಪುಸ್ತಕ ಓದಿದ ಹಾಗಿದೆ ಅಂತ ನಗುತ್ತಿದ್ದರು. ನಗಲಿ, ಆದರೆ ಹೊಟ್ಟೆನೋವು ಬಂದಾಗ ಎಲ್ಲಿ ಹೇಗೆ ನೋಯುತ್ತಿದೆ ಅಂತ ನನ್ನ ಮಾತಿನಲ್ಲೇ ಹೇಳಿ, ಅವರು ಅದನ್ನು ಡಾಕ್ಟರಿಗೆ ತಮಿಳಿನಲ್ಲಿ ಹೇಳುವುದಿದೆಯಲ್ಲ, ಅದಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ನಿನ್ನ ಹೆಂಡತಿ ಧಾರವಾಡದ ಕಡೆಯವಳು. ತಮಿಳು ಓದಲು ಬಾರದವಳಿಗೆ ಇಲ್ಲಿ ಬಸ್ಸಿನ ಬೋರ್ಡು, ಕರೆಂಟ್ ಬಿಲ್ಲು, ರೇಷನ್ ಅಂಗಡಿಯ ಚೀಟಿ, ಜಮೀನಿನ ಪಟ್ಟಾ, ಚಿಟ್ಟಾ ಯಾವುದೂ ಅರ್ಥವಾಗುವುದಿಲ್ಲ. ನಾನು ಬಸ್ಸಿನ ಬೋರ್ಡು ನೋಡಿ ನೋಡಿಯೇ ತಮಿಳು ಕಲಿತೆ, ಆಗ ಮಾವ ಪಕ್ಕದಲ್ಲಿದ್ದರು. ಕಲಿಯುವುದಿದ್ದರೆ ಜೋಡಿಯಾಗಿರುವಾಗಲೇ ಕಲಿಯಬೇಕು.

ಬಸ್ಸಿನ ಮಾತು ಬಂತಲ್ಲ. 2021ರ ಮೇ ತಿಂಗಳಿಂದ ತಮಿಳುನಾಡಿನಲ್ಲಿ ಸಾಧಾರಣ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಪೊಳ್ಳಾಚಿ ಇಲ್ಲಿಂದ ಹದಿನೈದು ಕಿಲೋಮೀಟರಿನಷ್ಟು. ಸಂತೆಗೆ, ಬ್ಯಾಂಕಿಗೆ, ಕನ್ನಡಕದ ಅಂಗಡಿಗೆ ಯಾರ ಕೈಯನ್ನೂ ಕಾಯದೆ ಹೋಗಿಬರುತ್ತೇನೆ. ದುಡ್ಡು ಉಳಿಯುವುದು ಇರಲಿ, ಯಾರನ್ನೂ "ಸ್ವಲ್ಪ ಬಿಡ್ತೀಯಾಪ್ಪ" ಅಂತ ಕೇಳುವುದು ತಪ್ಪಿತು. ಬಿ.ಪಿ., ಸಕ್ಕರೆ ಮಾತ್ರೆಗಳನ್ನು ಮನೆಬಾಗಿಲಿಗೇ ತಂದುಕೊಡುವ 'ಮಕ್ಕಳೈ ತೇಡಿ ಮರುತ್ತುವಂ' ಅನ್ನುವ ಸರ್ಕಾರಿ ಯೋಜನೆ ಅದೇ ವರ್ಷ ಆಗಸ್ಟಿನಲ್ಲಿ ಶುರುವಾಯಿತು. ಸರ್ಕಾರ ಮಾಡಿದ ಒಳ್ಳೆಯ ಕೆಲಸವನ್ನು ಒಳ್ಳೆಯದು ಅನ್ನಲು ನನಗೇನೂ ಸಂಕೋಚವಿಲ್ಲ. ಆದರೆ ಗಮನಿಸು, ಬಸ್ ಸ್ಟಾಪು ನಡೆದು ಹೋಗುವಷ್ಟು ಹತ್ತಿರ ಇದ್ದರೆ ಮಾತ್ರ ಬಸ್ಸು ನಿನ್ನದು. ನೀನು ನೋಡಿದ ತೋಟ ಟಾರು ರಸ್ತೆಯಿಂದ ಎಷ್ಟು ಒಳಗಿದೆ?

ತೋಟದ ಮನೆಯ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ನಮ್ಮ ಈ ಕೊಂಗುನಾಡಿನ ಗೌಂಡರು ಹಿಂದಿನಿಂದಲೂ ತೋಟದಲ್ಲೇ ಮನೆ ಕಟ್ಟಿಕೊಂಡು ಬಾಳಿದವರು. ಆದರೆ ಆಗ ಅಲ್ಲಿ ಮೂರು ತಲೆಮಾರು, ಆಳುಕಾಳು, ದನಕರು, ನಾಯಿ, ಒಂದು ಸಂತೆಯಷ್ಟು ಜನ. ಈಗ ಮಕ್ಕಳು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲೋ ಅಮೆರಿಕದಲ್ಲೋ, ತೋಟದಲ್ಲಿ ಇಬ್ಬರು ಮುದುಕರು. 2024ರ ನವೆಂಬರಿನಲ್ಲಿ ಪಲ್ಲಡಂ ಹತ್ತಿರದ ತೋಟದ ಮನೆಯೊಂದರಲ್ಲಿ ವಯಸ್ಸಾದ ಗಂಡ, ಹೆಂಡತಿ, ಅವರ ಮಗ, ಮೂವರನ್ನೂ ಒಂದೇ ರಾತ್ರಿ ಕೊಂದುಹಾಕಿದರು. ಮರುವರ್ಷವೇ ಈರೋಡು ಜಿಲ್ಲೆಯ ಶಿವಗಿರಿ ಕಡೆ ತೋಟದಲ್ಲಿದ್ದ ಇನ್ನೊಂದು ಮುದಿ ಜೋಡಿಗೆ ಅದೇ ಗತಿಯಾಯಿತು. ನಿನ್ನನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಮನೆ ಇರಬೇಕು, ಅಷ್ಟೇ ನನ್ನ ಅಳತೆ. ಸಿಸಿಟಿವಿ ಹಾಕಿಸ್ತೀನಿ ಅನ್ನಬೇಡ. ಅದು ಆಗಿಹೋದದ್ದನ್ನು ತೋರಿಸುತ್ತದೆ.

ಇನ್ನು ತೆಂಗು. ಪೊಳ್ಳಾಚಿಯ ತೆಂಗಿನ ಸಾಲನ್ನು ಸಿನಿಮಾದಲ್ಲಿ ನೋಡಿ ಮನಸೋತವರಿಗೆ ಲೆಕ್ಕವಿಲ್ಲ. ಬಿಳಿನೊಣದ ಒಂದು ಹೊಸ ಜಾತಿ ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 2016ರಲ್ಲಿ, ಇದೇ ಪೊಳ್ಳಾಚಿ ಕಡೆಯ ತೆಂಗಿನಲ್ಲಿ. ಗರಿಯ ಮೇಲೆ ಅಂಟು ಸುರಿದು ಮಸಿ ಬಳಿದ ಹಾಗೆ ಕಪ್ಪಾಗುತ್ತದೆ. ಅದರ ಹಿಂದೆಯೇ ಆನೈಮಲೈ ಕಡೆಯಿಂದ ಬೇರುಸೊರಗು ರೋಗ. ಅದು ಹತ್ತಿದ ಮರಕ್ಕೆ ಮದ್ದಿಲ್ಲ, ಕಡಿಯುವುದೇ ದಾರಿ. ಕಾಯಿ ಕೀಳಲು ಮರ ಹತ್ತುವವರು ಸಿಗುವುದು ಕಷ್ಟ, ಸಿಕ್ಕವರು ಹೇಳಿದ್ದೇ ಕೂಲಿ. ನೀರು? ಪರಂಬಿಕುಳಂ–ಆಳಿಯಾರ್ ಯೋಜನೆಯ ಕಾಲುವೆ ಇದೆ ಅಂತ ದಲ್ಲಾಳಿ ಹೇಳಿರುತ್ತಾನೆ. ಇದೆ, ನಿಜ. ಆದರೆ ಅದರ ಅಚ್ಚುಕಟ್ಟನ್ನು ನಾಲ್ಕು ವಲಯ ಮಾಡಿ ಸರದಿಯ ಮೇಲೆ ಬಿಡುತ್ತಾರೆ, ಒಂದು ವಲಯಕ್ಕೆ ಎರಡು ವರ್ಷಕ್ಕೊಮ್ಮೆ ಪಾಳಿ. ಮಿಕ್ಕ ಕಾಲಕ್ಕೆ ಬಾವಿ, ಬೋರು. ಇದು ಮಳೆನೆರಳಿನ ಸೀಮೆ ಕಣಪ್ಪಾ, ಪಶ್ಚಿಮಘಟ್ಟದ ಆ ಬದಿ ಸುರಿದು ಮಿಕ್ಕಿದ್ದು ನಮಗೆ. ಸುತ್ತ ನಾರಿನ ಕಾರ್ಖಾನೆ ಇದ್ದರೆ ಬಾವಿಯ ನೀರು ಸೇದಿ ಒಂದು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿ. ತೆಂಗಿನ ಸಿಪ್ಪೆಯ ಪುಡಿ ತೊಳೆದ ನೀರು ನೆಲಕ್ಕಿಳಿದ ಕಡೆ ಬಾವಿ ಕೆಂಪಾಗುತ್ತದೆ. ಪಲ್ಲಡಂ ದಿಕ್ಕಿಗೆ ಹೋದರೆ ಕೋಳಿಫಾರಂ. ಪಕ್ಕದಲ್ಲಿ ಇದೆಯೇ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ಕೇಳು, ಇಲ್ಲದಿದ್ದರೆ ಊಟದ ತಟ್ಟೆಯ ಮೇಲೆ ನೊಣ ನಿನಗಿಂತ ಮೊದಲು ಕೂತಿರುತ್ತದೆ.

ಐವತ್ತೈದರಲ್ಲಿ ಇದೆಲ್ಲ ಹುರುಪಿನ ಕೆಲಸ. ಗಂಡ ಹೋದ ಮೇಲೆ ಒಂಟಿ ಹೆಂಗಸು ಮರ ಹತ್ತುವವನನ್ನು ಹುಡುಕಿಕೊಂಡು, ಕಾಲುವೆ ಪಾಳಿಗೆ ರಾತ್ರಿ ಎದ್ದು, ಕಾಯಿ ವ್ಯಾಪಾರಿಯ ಜೊತೆ ತಮಿಳಿನಲ್ಲಿ ಜಗಳವಾಡಬೇಕು. ನಿನ್ನ ಹೆಂಡತಿಗೆ ಅದು ಇಷ್ಟವೋ ಇಲ್ಲವೋ, ಫೋಟೋ ತೋರಿಸಿ ಕೇಳಬೇಕಾದದ್ದು ಅದನ್ನು.

ಹಾಗಾದರೆ ಕೊಯಮತ್ತೂರಿನ ಹಿರಿಯರ ಬಡಾವಣೆಗಳು? ವಡವಳ್ಳಿ, ತೊಂಡಾಮುತ್ತೂರು ಕಡೆ ಬೇಕಾದಷ್ಟು ಆಗಿವೆ. ದೇಶದಲ್ಲೇ ಇಂಥವು ಹೆಚ್ಚಾಗಿರುವ ಊರುಗಳಲ್ಲಿ ಕೊಯಮತ್ತೂರೂ ಒಂದು, ಬೆಂಗಳೂರು ಚೆನ್ನೈಗಳಿಂದ ಬಂದವರೂ, ಮಕ್ಕಳು ವಿದೇಶದಲ್ಲಿರುವವರೂ ಅಲ್ಲಿ ಇದ್ದಾರೆ. ನಾನು ಅವನ್ನು ಹಗುರವಾಗಿ ಕಾಣುವವಳಲ್ಲ. ಬಚ್ಚಲಲ್ಲಿ ಬಿದ್ದರೆ ಒತ್ತಲು ಗಂಟೆ, ಹೊತ್ತಿಗೆ ಸರಿಯಾಗಿ ಊಟ, ಕೂಗಳತೆಯಲ್ಲಿ ನರ್ಸು. ಒಲೆಯ ಮುಂದೆ ನಲವತ್ತು ವರ್ಷ ನಿಂತ ಹೆಂಗಸಿಗೆ ಇನ್ನೊಬ್ಬರು ಮಾಡಿ ಬಡಿಸುವ ಊಟ ಏನೆಂದು ಗಂಡಸರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಆದರೆ ಕಾಗದ ಓದದೆ ಸಹಿ ಮಾಡಬೇಡ. ಅದು ಕ್ರಯವೋ ಬರೀ ಇರುವ ಹಕ್ಕೋ, ಒಬ್ಬರು ತೀರಿಕೊಂಡರೆ ತಿಂಗಳ ಖರ್ಚು ಅರ್ಧಕ್ಕೆ ಇಳಿಯುತ್ತದೋ ಅಷ್ಟೇ ಇರುತ್ತದೋ, ಹಾಸಿಗೆ ಹಿಡಿದರೆ ಅಲ್ಲೇ ಇಟ್ಟುಕೊಳ್ಳುತ್ತಾರೋ ಕರೆದುಕೊಂಡು ಹೋಗಿ ಅನ್ನುತ್ತಾರೋ, ಠೇವಣಿ ವಾಪಸು ಯಾವಾಗ. 2019ರಲ್ಲಿ ಕೇಂದ್ರದ ವಸತಿ ಸಚಿವಾಲಯ ಇಂಥ ಬಡಾವಣೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಕೈಯಲ್ಲಿಟ್ಟುಕೊಂಡು ಹೋಗಿ ಕೇಳು, ಅವರ ಮುಖ ನೋಡು.

ಆಸ್ಪತ್ರೆಯ ವಿಷಯದಲ್ಲಿ ಈ ಸೀಮೆಗೆ ಕೊರತೆ ಇಲ್ಲ. ಪೊಳ್ಳಾಚಿಯಲ್ಲಿ ಸರ್ಕಾರಿ ದೊಡ್ಡಾಸ್ಪತ್ರೆ, ಕೊಯಮತ್ತೂರಿನಲ್ಲಿ ಪಿಎಸ್‌ಜಿ, ಗಂಗಾ, ಅರವಿಂದ ಕಣ್ಣಾಸ್ಪತ್ರೆ. ಕಷ್ಟವಿರುವುದು ನಿನ್ನ ಕಡೆಯಿಂದ ಇಲ್ಲಿಗೆ ಬರುವುದರಲ್ಲಿ. ನೀನು ಮೈಸೂರಿಗೆ ಹೋಗಿರುವಾಗ ಇಲ್ಲಿ ರಾತ್ರಿ ಹತ್ತಕ್ಕೆ ಏನಾದರೂ ಆದರೆ ಚಾಮರಾಜನಗರದ ಮೇಲೆ ಬರೋಣ ಅಂದುಕೊಳ್ಳುತ್ತೀಯ. ದಿಂಬಂ ಘಾಟಿಯಲ್ಲಿ 27 ತಿರುವು, ಹುಲಿ ಸಂರಕ್ಷಿತ ಕಾಡು, 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ. ಬೆಂಗಳೂರಿಂದಾದರೆ ಸೇಲಂ ದಾರಿ ಇದೆ, ಉದಯ್ ಎಕ್ಸ್‌ಪ್ರೆಸ್ ಇದೆ, 2023ರ ಕೊನೆಗೆ ಬಂದ ವಂದೇ ಭಾರತ್ ಇದೆ. ಆದರೂ ಅಲ್ಲಿಂದ ಇಲ್ಲಿಗೆ ಅರ್ಧ ದಿನ ಅಂತಲೇ ಇಟ್ಟುಕೋ. ಆ ಅರ್ಧ ದಿನ ಪಕ್ಕದಲ್ಲಿ ಕೂರುವವರು ಯಾರು ಅನ್ನುವುದಕ್ಕೆ ನಿನ್ನ ಬಳಿ ಎರಡು ಹೆಸರು ಇರಬೇಕು.

ದುಡ್ಡಿನ ಲೆಕ್ಕವನ್ನೂ ಉಳಿಯುವವಳ ಕಡೆಯಿಂದಲೇ ಹಾಕು. ಮಾವನ ಕಾಲದ ಕೇಂದ್ರ ಸರ್ಕಾರಿ ನೌಕರರಿಗೆ ಪಿಂಚಣಿ ಕೊನೆಯ ಸಂಬಳದ ಅರ್ಧ, ಹೆಂಡತಿಗೆ ಬರುವ ಕುಟುಂಬ ಪಿಂಚಣಿ ಸಾಮಾನ್ಯವಾಗಿ ಶೇಕಡಾ 30. ಮನೆಯ ಖರ್ಚು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಸೂರು ಸೋರುವುದು ಇಬ್ಬರಿಗೂ ಒಂದೇ, ಒಬ್ಬರಿಗೂ ಒಂದೇ. ನಿನ್ನದು ಖಾಸಗಿ ನೌಕರಿ, ಅಷ್ಟೂ ಇಲ್ಲ. ಎರಡು ಎಕರೆಗೆ ಸುರಿಯುವ ದುಡ್ಡು ಅವಳ ಹೆಸರಲ್ಲಿ ತಿಂಗಳು ತಿಂಗಳು ಬರುವ ಹಾಗೆ ಇದ್ದರೆ ಏನಾಗುತ್ತದೆ ಅಂತ ಒಂದು ಕಾಗದದ ಮೇಲೆ ಬರೆದು ನೋಡು.

ಮನೆ ಇಬ್ಬರ ಹೆಸರಿನಲ್ಲಿರಲಿ. ನಿನ್ನ ಮಾವ ಹಾಗೆ ಮಾಡಿದ್ದರು, ಅದಕ್ಕೇ ನನ್ನನ್ನು ಯಾರೂ "ನೀನು ಎಲ್ಲಿರ್ತೀಯ" ಅಂತ ಕೇಳಲಿಲ್ಲ. "ನೀವು ಏನು ಮಾಡ್ತೀರ" ಅಂತ ಕೇಳಿದರು. ಮಕ್ಕಳಿಗೆ ಬರೆದುಕೊಡುವ ಆತುರವೂ ಬೇಡ. ಕೊಟ್ಟೇ ತೀರಬೇಕಾದರೆ ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲೇ ಬರೆಸು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಆ ಷರತ್ತು ಮುರಿದರೆ ದಾನಪತ್ರವನ್ನು ರದ್ದುಮಾಡಲು ನ್ಯಾಯಮಂಡಳಿಗೆ ಅಧಿಕಾರವಿದೆ. ನನ್ನ ಮಗಳು ಓದಿದರೆ ಬೇಜಾರು ಮಾಡಿಕೊಳ್ಳುತ್ತಾಳೆ. ಮಾಡಿಕೊಳ್ಳಲಿ, ಅವಳೂ ನಾಳೆ ಅತ್ತೆಯಾಗುವವಳೇ.

ಮೈಸೂರು, ಧಾರವಾಡ, ಶಿರಸಿ ಅಂತ ಒಳ್ಳೆ ಊರುಗಳ ಪಟ್ಟಿಯನ್ನೂ ನೀನು ಕೇಳಿದ್ದೆ. ನಾನು ಕೊಡುವುದಿಲ್ಲ. ನಿನ್ನ ಹೆಂಡತಿಯ ಅಕ್ಕ ಧಾರವಾಡದಲ್ಲೇ ಇದ್ದಾಳಲ್ಲ? ಅವಳಿರುವ ಬೀದಿಯಲ್ಲಿ ಒಂದು ಸಣ್ಣ ಮನೆ ಸಿಗುತ್ತದೋ ಅಂತ ನೀನು ಒಂದು ಸಲವಾದರೂ ವಿಚಾರಿಸಿದ್ದೀಯಾ? "ಹೆಂಡತಿ ಊರಲ್ಲಿ ಹೋಗಿ ಇರೋದಾ" ಅಂತ ಗಂಡಸರಿಗೆ ಮರ್ಯಾದೆ ಅಡ್ಡ ಬರುತ್ತದೆ. ಜೀವಮಾನವೆಲ್ಲ ಗಂಡನ ಊರಲ್ಲಿ ಇದ್ದ ಹೆಂಗಸರು ಆ ಮರ್ಯಾದೆಯನ್ನು ಯಾವ ಗೂಟಕ್ಕೆ ನೇತುಹಾಕಿದ್ದರೋ.

ಇಷ್ಟು ಓದಿಯೂ ನೆಗಮಂ ಅಂತಲೇ ಮನಸ್ಸಿದ್ದರೆ ಬಾ, ಬೇಡ ಅನ್ನಲಾರೆ. ಆದರೆ ಪೊಂಗಲ್ ರಜಕ್ಕೆ ಬರಬೇಡ, ಆಗ ಎಲ್ಲ ಊರೂ ಚೆಂದ. ಆಷಾಢದಲ್ಲಿ ಬನ್ನಿ, ಪಾಲ್ಘಾಟಿನ ಕಣಿವೆಯಿಂದ ನುಗ್ಗುವ ಗಾಳಿಗೆ ಬಾಗಿಲು ಹಾಕಿಕೊಳ್ಳಲಾಗದ ದಿನಗಳಲ್ಲಿ. ಬೀದಿಯ ಕೊನೆಯಲ್ಲಿ ಒಂದು ಮನೆ ಬಾಡಿಗೆಗಿದೆ, ಒಂದು ತಿಂಗಳಿಗೆ ಮಾತಾಡುತ್ತೇನೆ. ನಡುವೆ ಒಂದು ವಾರ ನೀನು ಬೆಂಗಳೂರಿಗೆ ಹೋಗಿ ಅವಳೊಬ್ಬಳನ್ನೇ ಬಿಡು. ನಾನು ಬೇಕೆಂದೇ ಆ ವಾರ ಮಗಳ ಮನೆಗೆ ಹೋಗುತ್ತೇನೆ. ತೋಟದವನಿಗೆ ಅಡ್ವಾನ್ಸ್ ಕೊಡುವುದನ್ನು ಅಲ್ಲಿಯವರೆಗೆ ತಡೆದಿಡು, 30 ವರ್ಷದ ವಿಲ್ಲಂಗ ಪತ್ರ, ಅಂದರೆ ಜಮೀನಿನ ಋಣಭಾರ ಪತ್ರ, ಮಾತ್ರ ಈಗಲೇ ತೆಗೆಸು. ಅದನ್ನು ಇಲ್ಲಿಗೆ ಕಳಿಸಿದರೆ ತಮಿಳು ನಾನೇ ಓದಿ ಹೇಳುತ್ತೇನೆ.