ತಿಕ್ಕಬೇಡಿ, ನೆನೆಯಲು ಬಿಡಿ

ರೋಹಿಣಿ ಮಳೆ ಬಿದ್ದ ರಾತ್ರಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕಾರಿನಲ್ಲಿ ಬಂದವರಿಗೆ ಹುಳುಗಳ ಕಾಟ ಬಿಡಿಸಿ ಹೇಳಬೇಕಿಲ್ಲ. ನಾನು ಹಾಗೆ ಬಂದ ರಾತ್ರಿ ರಾಣೆಬೆನ್ನೂರು ದಾಟುತ್ತಲೇ ರೆಕ್ಕೆ ಬಂದ ಗೆದ್ದಲು ಹೆಡ್‌ಲೈಟಿಗೆ ಮುತ್ತಿದವು. ವೈಪರ್ ಹಾಕಿದರೆ ಗಾಜಿನ ತುಂಬ ಜಿಡ್ಡು, ಎದುರಿನ ಲಾರಿಯೇ ಕಾಣದು. ಚಿತ್ರದುರ್ಗದ ಬಂಕಿನಲ್ಲಿ ಗಾಜು ತೊಳೆದುಕೊಂಡು ಹೇಗೋ ಮನೆ ಸೇರಿದೆ.

ಬೆಳಿಗ್ಗೆ ಚುರುಕು ಬಿಸಿಲು. ಬಾನೆಟ್ಟು, ಬಂಪರಿನ ಮೇಲೆ ಹುಳುಗಳು ಒಣಗಿ ಕಚ್ಚಿಕೊಂಡಿದ್ದವು. ಮೊದಲು ನೆನೆಸೋಣವೆಂದು ಹಳೆಯ ಟವೆಲ್ ತರಲು ಒಳಗೆ ಹೋದೆ. ಹೊರಗಿನಿಂದ ಕರಕರ ಸದ್ದು! ಓಡಿ ಬಂದರೆ ನಮ್ಮ ಭಾವ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಹಿಡಿದು ಬಾನೆಟ್ ಉಜ್ಜುತ್ತಿದ್ದಾರೆ. ಮೈಯೆಲ್ಲ ಉರಿದುಹೋಯಿತು. "ಭಾವ, ಬಿಡಿ, ಬಿಡಿ" ಎಂದು ಕೂಗಿದೆ. "ಎರಡು ನಿಮಿಷದ ಕೆಲಸ ಕಣೋ" ಎನ್ನುತ್ತ ಇನ್ನೆರಡು ಸುತ್ತು ಉಜ್ಜಿದರು. ನೀರು ಸುರಿದಾಗ ಹುಳು ಹೋಗಿತ್ತು, ಕಪ್ಪು ಬಣ್ಣದ ಮೇಲೆ ಸುತ್ತುಸುತ್ತಾಗಿ ಗೀರು ಉಳಿದಿತ್ತು. ಸಾಲ ತೀರದ ಕಾರು ಅದು. ಪಾಲಿಶ್ ಮಾಡಿಸಿದೆ, ಮೇಲಿನ ಗೀರು ಹೋದವು, ಆಳದವು ಇವತ್ತಿಗೂ ಇವೆ. ಭಾವ ಹಿರಿಯರು, ಸಹಾಯ ಮಾಡಲೆಂದೇ ಬಂದರು. ಆದರೂ ಬೇಡವೆಂದಾಗ ಕೈ ನಿಲ್ಲಿಸಬೇಕಿತ್ತು. ಇದನ್ನು ಅವರೆದುರೇ ಹೇಳಿದ್ದೇನೆ.

ಬಣ್ಣವನ್ನು ಕಾಯುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪ ಸುಮಾರು 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಸ್ಕ್ರಬ್ಬರ್ ಅದನ್ನೇ ಕೆರೆಯುತ್ತದೆ. ಹಾಗೆಂದು ಹುಳು ಬಿಟ್ಟು ಕೂರುವಂತೆಯೂ ಇಲ್ಲ. ಅವುಗಳ ಮೈರಸದಲ್ಲಿ ಆಮ್ಲದ ಅಂಶವಿರುತ್ತದೆ, ಬಿಸಿಲಿಗೆ ಬೆಂದಷ್ಟೂ ಲೇಪವನ್ನು ತಿಂದು ಕಲೆ ಮಾಡುತ್ತದೆ. ಆದ್ದರಿಂದ ಗಾಡಿಯನ್ನು ಬೇಗ ನೆರಳಿಗೆ ತನ್ನಿ, ಬಾನೆಟ್ ತಣ್ಣಗಾಗಲಿ. ಕಾರ್ ಶಾಂಪೂ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆ ಹೊದಿಸಿ 10–15 ನಿಮಿಷ ಬಿಡಿ, ಬಟ್ಟೆ ಒಣಗದಿರಲಿ. ಆಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಹಗುರಾಗಿ ಒರೆಸಿ. ಬರಲಿಲ್ಲವೇ, ಮತ್ತೆ ನೆನೆಸಿ. ಪಾತ್ರೆ ತೊಳೆಯುವ ಸೋಪು ಬೇಡ, ಹಚ್ಚಿದ ವ್ಯಾಕ್ಸ್ ಕಿತ್ತುಬರುತ್ತದೆ. ಕೆಲವರು ಸೀಮೆಎಣ್ಣೆ, ಡೀಸೆಲ್ ಹಚ್ಚುತ್ತಾರೆ, ರಬ್ಬರ್ ಬೀಡಿಂಗ್ ಹಾಳಾಗುತ್ತದೆ. ಮುಂಗಾರಿಗೆ ಮುಂಚೆಯೇ ವ್ಯಾಕ್ಸ್ ಹಚ್ಚಿಸಿದ್ದರೆ ಹುಳು ಅಷ್ಟು ಗಟ್ಟಿಯಾಗಿ ಕಚ್ಚುವುದಿಲ್ಲ.

ದಯವಿಟ್ಟು ಪಾತ್ರೆ ತಿಕ್ಕುವ ಸ್ಕ್ರಬ್ಬರನ್ನು ಯಾರ ಗಾಡಿಯ ಹತ್ತಿರವೂ ತರಬೇಡಿ.